ಹೊಲಕ್ಕೆ ಬಿಟ್ಟ ನೀರು ಎಲ್ಲಿ ಹೋಯಿತು?

ನಮಸ್ಕಾರ ಕೇಳುಗರೇ. ಒಂದು ಹೆಕ್ಟೇರ್ ಹೊಲದ ಮೇಲೆ ಬರೀ ಒಂದು ಮಿಲಿಮೀಟರ್ ನೀರು ನಿಂತಿದೆ ಅಂದುಕೊಳ್ಳಿ. ಎಷ್ಟು ನೀರು ಅದು? 10,000 ಲೀಟರ್. ಬೇಸಿಗೆಯಲ್ಲಿ ತುಂಬಿ ಬೆಳೆದ ಪೈರು ದಿನಕ್ಕೆ ಐದಾರು ಮಿಲಿಮೀಟರ್ ನೀರನ್ನು ಸದ್ದಿಲ್ಲದೆ ಆವಿ ಮಾಡಿ ಗಾಳಿಗೆ ಬಿಡುತ್ತದೆ. ನದಿಯ ಮಟ್ಟಿಗೆ ನಿಜವಾಗಿ ಖರ್ಚಾದದ್ದು ಈ ನೀರು.

ನಾವು ಲೆಕ್ಕ ತಪ್ಪುವುದೂ ಇಲ್ಲೇ. ತೂಬಿನಲ್ಲಿ ಬಿಟ್ಟದ್ದನ್ನೆಲ್ಲ ಬೆಳೆಯೇ ಕುಡಿಯಿತು ಅಂತ ಬರೆದುಬಿಡುತ್ತೇವೆ. ಜಗತ್ತಿನಲ್ಲಿ ಎತ್ತುವ ಸಿಹಿನೀರಿನಲ್ಲಿ ಸುಮಾರು ಶೇಕಡ 70 ಬೇಸಾಯಕ್ಕೆ ಅಂತಾರಲ್ಲ, ಅದು ಎತ್ತಿದ ಲೆಕ್ಕ, ಮುಗಿದುಹೋದ ಲೆಕ್ಕ ಅಲ್ಲ. ಎತ್ತಿದ್ದರಲ್ಲಿ ಒಂದಷ್ಟು ಇಂಗಿ ಬಾವಿಗೆ ಸೇರುತ್ತದೆ, ಒಂದಷ್ಟು ಬಸಿಗಾಲುವೆ ಹಿಡಿದು ಮತ್ತೆ ಹೊಳೆಗೆ ಬರುತ್ತದೆ, ಅದನ್ನೇ ಕೆಳಗಿನ ರೈತ ಇನ್ನೊಮ್ಮೆ ಎತ್ತುತ್ತಾನೆ. ಒಂದೇ ಕೊಡವನ್ನು ಎರಡು ಸಲ ಎಣಿಸಿದ ಹಾಗೆ, ಅಲ್ವಾ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೊಲರಾಡೊ ನದಿಯ ನೀರನ್ನು ಒಯ್ಯುವ ಆಲ್ ಅಮೆರಿಕನ್ ಕಾಲುವೆ ಇದೆ. ಮೆಕ್ಸಿಕೊ ಗಡಿಯ ಪಕ್ಕದಲ್ಲೇ ಹರಿಯುವ ಮಣ್ಣಿನ ಕಾಲುವೆ, ಸೋರುತ್ತಿತ್ತು. ಅದಕ್ಕೆ ಸುಮಾರು 37 ಕಿಲೋಮೀಟರ್ ಉದ್ದಕ್ಕೆ ಕಾಂಕ್ರೀಟ್ ಹಾಕಿಸಿದರು. ಇತ್ತ ನೀರು ಉಳಿಯಿತು, ಸರಿ. ಆದರೆ ಗಡಿಯಾಚೆ ಮೆಕ್ಸಿಕಾಲಿ ಕಣಿವೆಯ ಬಾವಿಗಳು, ಅಲ್ಲಿನ ಜೌಗು ನೆಲ, ಹಕ್ಕಿಗಳು ಎಲ್ಲ ಆ ಸೋರಿಕೆಯನ್ನೇ ನಂಬಿಕೊಂಡಿದ್ದವು! ಹನಿ ನೀರಾವರಿಯದ್ದೂ ಹೀಗೇ. ಒಳ್ಳೆಯದೇ, ಬೇಡ ಅನ್ನುತ್ತಿಲ್ಲ. ಆದರೆ ಉಳಿದ ನೀರಿನಲ್ಲಿ ಇನ್ನೆರಡು ಎಕರೆ ಜಾಸ್ತಿ ಬೆಳೆದರೆ ಆವಿಯಾಗುವುದು ಹೆಚ್ಚುತ್ತದೆ, ಹೊಳೆಗೆ ವಾಪಸ್ ಬರುವುದು ಕಡಿಮೆಯಾಗುತ್ತದೆ.

ಹಾಗಾದರೆ ಆವಿಯನ್ನು ಅಳೆಯುವುದು ಹೇಗೆ? ಬೆವರಿದ ಮೈ ತಂಪಾಗುತ್ತದಲ್ಲ, ನೀರು ಬಿಡುತ್ತಿರುವ ಹೊಲವೂ ತಂಪಾಗಿರುತ್ತದೆ. ಲ್ಯಾಂಡ್‌ಸ್ಯಾಟ್‌ನಂಥ ಉಪಗ್ರಹಗಳು ಮೇಲಿನಿಂದ ನೆಲದ ಬಿಸಿಯನ್ನು ಅಳೆಯುತ್ತವೆ, ಅದರ ಜೊತೆ ಬಿಸಿಲು, ಗಾಳಿಯ ಲೆಕ್ಕ ಸೇರಿಸಿದರೆ ಯಾವ ಹೊಲ ಎಷ್ಟು ನೀರು ಬಿಟ್ಟಿತು ಅಂತ ಅಂದಾಜು ಸಿಗುತ್ತದೆ. ಮಳೆ ಎಷ್ಟು ಬಂತು, ಆವಿ ಎಷ್ಟಾಯಿತು, ಹೊಳೆಯಲ್ಲಿ ಎಷ್ಟು ಹರಿಯಿತು, ನೆಲದಡಿ ಎಷ್ಟು ಏರಿತು ಇಳಿಯಿತು ಅಂತ ತಾಳೆ ನೋಡಬೇಕು.

ಕಾಡು, ಜೌಗು, ಹೊಳೆದಂಡೆಯ ಗಿಡಗಳೂ ನೀರು ಕುಡಿಯುತ್ತವೆ. ಅದನ್ನು ಸುಮ್ನೆ ನಷ್ಟ ಅಂತ ಬರೆದುಬಿಟ್ಟರೆ ಮೀನು, ಹುಲ್ಲುಗಾವಲು, ಸೋಸಿದ ತಿಳಿನೀರು, ನೆರೆ ನೀರಿನ ರಭಸ ತಗ್ಗಿಸುವ ಬಯಲು ಇವೆಲ್ಲ ಲೆಕ್ಕದಿಂದಲೇ ಬಿದ್ದುಹೋಗುತ್ತವೆ. ಇವಕ್ಕೆ ಪರಿಸರ ಸೇವೆಗಳು ಅಂತ ಹೆಸರು. ಹೆಸರು ಸ್ವಲ್ಪ ಆಫೀಸಿನ ವಾಸನೆಯದು, ಇರಲಿ. ಇಲ್ಲಿ ಹೊಳೆಯ ಹರಿವಿನ ವರ್ಷದ ಸರಾಸರಿಯೊಂದೇ ಸಾಲದು. ಎಷ್ಟೋ ಜಾತಿಯ ಮೀನು ಮೊಟ್ಟೆಯಿಡುವುದು ಹೊಸ ನೀರು ಏರುವಾಗ. ಆ ಕೆಲವು ವಾರ ಹೊಳೆ ಏರದಿದ್ದರೆ, ಆಮೇಲೆ ಎಷ್ಟೇ ನೀರು ಬಿಟ್ಟರೂ ಆ ವರ್ಷದ ಮರಿ ಇಲ್ಲ.