ಚಿಟಿಕೆ ಹಿಡಿದವನೇ ಸದಸ್ಯ

ಕೇಳುಗರೆಲ್ಲರಿಗೂ ನಮಸ್ಕಾರ.

ಬಾನುಲಿ ನಿಲಯದವರು ಫೋನ್ ಮಾಡಿ, "ಸರ್, ಚೀನಾದ ಹಳೇ ಸಂಗೀತ ಸಂಘಗಳು ಹೇಗೆ ನಡೀತವೆ, ಅವುಗಳ ನಿಯಮ ಏನು, ಸದಸ್ಯರಾಗೋದು ಹೇಗೆ, ಒಂದು ಭಾಷಣ ಮಾಡಿ" ಎಂದರು. ನಿಯಮಾವಳಿಯ ಮೇಲೆ ಹದಿನೈದು ನಿಮಿಷದ ಮಾತು ಕೇಳುವ ಪುಣ್ಯಾತ್ಮರು ಯಾರಪ್ಪ ಅಂತ ಯೋಚಿಸಿದೆ. ಕಣ್ಣ ಮುಂದೆ ಬಂದವರು ನೀವು. ಊರಿನ ಭಜನಾ ಮಂಡಳಿಯ ಕಾರ್ಯದರ್ಶಿ, ಸಂಗೀತ ಸಭೆಯ ಖಜಾಂಚಿ, ರಸೀದಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮನೆಮನೆ ಮೆಟ್ಟಿಲು ಹತ್ತಿ ಇಳಿದವರು. ನಿಮ್ಮನ್ನೇ ನೆನೆದುಕೊಂಡು ಮಾತಾಡುತ್ತೇನೆ.

ಚೀನಾ ಅಂದರೆ ದೊಡ್ಡ ದೇಶ. ನಾನು ಒಂದೇ ಊರು, ಒಂದೇ ಸಂಗೀತ ಹಿಡಿದುಕೊಳ್ಳುತ್ತೇನೆ. ಆಗ್ನೇಯ ಕರಾವಳಿಯಲ್ಲಿ ಫುಜಿಯಾನ್ ಪ್ರಾಂತ್ಯ, ಅಲ್ಲಿ ಚುವಾನ್‌ಜೋ ಎಂಬ ಹಳೆಯ ಬಂದರು. ನಮಗೇನು ಪರಕೀಯ ಊರಲ್ಲ ಅದು. 13ನೇ ಶತಮಾನದಲ್ಲಿ ತಮಿಳು ವರ್ತಕರು ಅಲ್ಲಿ ಶಿವನ ಗುಡಿ ಕಟ್ಟಿದ್ದರು. 1281ರ ತಮಿಳು ಶಾಸನ ಸಿಕ್ಕಿದೆ. ಅಲ್ಲಿನ ಕಾಯ್‌ಯುವಾನ್ ಬೌದ್ಧ ವಿಹಾರದ ಕಂಬದ ಮೇಲೆ ಇವತ್ತಿಗೂ ಕೃಷ್ಣ ನಿಂತಿದ್ದಾನೆ. ಆ ಊರಿನ ಸಂಗೀತದ ಹೆಸರು ನಾನ್‌ಯಿನ್, ದಕ್ಷಿಣದ ನಾದ ಎಂದರ್ಥ. 2009ರಲ್ಲಿ ಯುನೆಸ್ಕೋ ಇದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಐದು ವಾದ್ಯ. ಅಡ್ಡಲಾಗಿ ಮಡಿಲಲ್ಲಿಟ್ಟು ಮೀಟುವ ಪಿಪಾ. ಮೂರು ತಂತಿಯ ಸಾನ್‌ಶಿಯನ್. ಎರಡೇ ತಂತಿಗೆ ಕಮಾನು ಎಳೆಯುವ ಅರ್‌ಶಿಯನ್. ನೇರ ಕೆಳಮುಖವಾಗಿ ಹಿಡಿದು ಊದುವ ಬಿದಿರಿನ ಕೊಳಲು, ದೊಂಗ್‌ಶಿಯಾವ್. ಐದನೆಯದು ಐದು ಮರದ ಹಲಗೆಗಳ ಒಂದು ಕಟ್ಟು, ಪಾಯ್‌ಬಾನ್. ನಮ್ಮ ಹರಿಕಥೆ ದಾಸರ ಕೈಯಲ್ಲಿ ಚಿಟಿಕೆ ಇರುತ್ತದಲ್ಲ, ಅದರ ದೊಡ್ಡಣ್ಣ ಅಂದುಕೊಳ್ಳಿ. ನಾನೂ ಚಿಟಿಕೆ ಎಂದೇ ಕರೆಯುತ್ತೇನೆ. ಇವತ್ತಿನ ನನ್ನ ಮಾತೆಲ್ಲ ಆ ಚಿಟಿಕೆಯ ಸುತ್ತಲೇ.

ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಿ, ಉಳಿದದ್ದು ಮರೆತರೂ ನನಗೆ ಬೇಸರವಿಲ್ಲ. ನಾನ್‌ಯಿನ್ ಸಂಘದಲ್ಲಿ ಚಂದಾ ಕಟ್ಟಿದವನು ಸದಸ್ಯನಲ್ಲ, ಚಿಟಿಕೆ ಹಿಡಿದವನು ಸದಸ್ಯ.

ಈ ಸಂಘಗಳಿಗೆ ಎರಡು ನಿಯಮಾವಳಿ. ಒಂದು ಬಾಯಲ್ಲಿರುವುದು, ಒಂದು ಕಾಗದದಲ್ಲಿರುವುದು. ಬಾಯಲ್ಲಿರುವುದು ಚುವಾನ್‌ಜೋದಿಂದ ಬಂತು. ಕಾಗದದಲ್ಲಿರುವುದು ಎಲ್ಲಿಂದ ಬಂತು ಅಂತೀರಿ? ಬ್ರಿಟಿಷರಿಂದ! ಸಿಂಗಾಪುರ, ಪೆನಾಂಗ್, ಮಲಕ್ಕಾಗಳಿಗೆ ವಲಸೆ ಹೋದ ಫುಜಿಯಾನಿನ ಜನ ಹೋದಲ್ಲೆಲ್ಲ ಸಂಘ ಕಟ್ಟಿದರು. ಅದೇ ಊರುಗಳಲ್ಲಿ ಗೂಢ ಸಂಘಗಳೂ ಇದ್ದವು, ಹೊಡೆದಾಟವೂ ಇತ್ತು. ಅಲ್ಲಿನ ಬ್ರಿಟಿಷ್ ಸರ್ಕಾರ ಹೆದರಿ 1889ರಲ್ಲಿ ಒಂದು ಕಾನೂನು ತಂದು, ಮರುವರ್ಷ ಜಾರಿ ಮಾಡಿತು. ಹತ್ತು ಜನ ಒಟ್ಟಿಗೆ ಸೇರಿದರೆ ಅದು ಸಂಘ, ಅದರ ಲೆಕ್ಕ ಸರ್ಕಾರಕ್ಕೆ ಬೇಕು. ಕತ್ತಿ ಹಿಡಿದ ಹತ್ತು ಜನಕ್ಕೂ ಕೊಳಲು ಹಿಡಿದ ಹತ್ತು ಜನಕ್ಕೂ ಒಂದೇ ಕಾನೂನು. ಇವತ್ತಿನ ಸಿಂಗಾಪುರದ ಸಂಘಗಳ ಕಾಯ್ದೆ 1966ರದ್ದು. ಅಲ್ಲೂ ಅದೇ ಹತ್ತು. ನಮ್ಮ ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಗೆ ಏಳು ಜನ ಸಾಕು, ನಾವು ಸ್ವಲ್ಪ ಉದಾರಿಗಳು.

ಆ ಎರಡೂ ನಿಯಮಾವಳಿ ನಾನು ಒಂದೇ ಮನೆಯಲ್ಲಿ ನೋಡಿದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನನ್ನ ಮಗಳು ಸಿಂಗಾಪುರದಲ್ಲಿದ್ದಾಳೆ. ಕೆಲವು ವರ್ಷಗಳ ಹಿಂದೆ ಮೂರು ತಿಂಗಳು ಅವಳ ಮನೆಯಲ್ಲಿದ್ದೆ. ಕೊಳಲು ಪಾಠ ಹೇಳಿಕೊಂಡು ಬದುಕಿದವನು ನಾನು, ಸುಮ್ಮನೆ ಕೂತು ಅಭ್ಯಾಸವಿಲ್ಲ. ಒಂದು ಸಂಜೆ ಹಳೆಯ ಬೀದಿಯಲ್ಲಿ ನಡೆದು ಹೋಗುವಾಗ ಮೇಲ್ಮಹಡಿಯಿಂದ ಕೊಳಲಿನ ಶಬ್ದ ಬಂತು. ದಪ್ಪ ದನಿ, ಅವಸರವೇ ಇಲ್ಲ, ಮಂದ್ರದಲ್ಲಿ ಯಾರೋ ನಿಟ್ಟುಸಿರು ಬಿಟ್ಟ ಹಾಗೆ. ಮೆಟ್ಟಿಲು ಹತ್ತಿ ಹೋದೆ. ಏಳೆಂಟು ಜನ ಅರ್ಧಚಂದ್ರಾಕಾರದಲ್ಲಿ ಕೂತಿದ್ದರು, ಹೆಚ್ಚಿನವರಿಗೆ ನನ್ನ ವಯಸ್ಸು. ಪಿಪಾ, ಸಾನ್‌ಶಿಯನ್ ಒಂದು ಕಡೆ, ಕೊಳಲು, ಅರ್‌ಶಿಯನ್ ಇನ್ನೊಂದು ಕಡೆ. ನಡುವೆ ಹಾಡುವವರು, ಕೈಯಲ್ಲಿ ಚಿಟಿಕೆ. ಯಾರೂ ನನ್ನ ಕಡೆ ತಿರುಗಲಿಲ್ಲ. ಹಾಡು ಮುಗಿಯುವವರೆಗೂ ಬಾಗಿಲಲ್ಲೇ ನಿಂತೆ. ಮುಗಿದ ಮೇಲೆ ಒಬ್ಬ ಹಿರಿಯರು ಸಣ್ಣ ಬಟ್ಟಲಲ್ಲಿ ಚಹಾ ಕೊಟ್ಟು ಕುರ್ಚಿ ತೋರಿಸಿದರು. ಹೆಸರೂ ಕೇಳಲಿಲ್ಲ.

ನಾನು ನಮ್ಮೂರಿನವನಲ್ಲವೇ, ಮೊದಲ ಪ್ರಶ್ನೆಯೇ "ಸದಸ್ಯತ್ವ ಶುಲ್ಕ ಎಷ್ಟು?" ಕಾರ್ಯದರ್ಶಿ ಒಬ್ಬ ಯುವಕ, ಇಂಗ್ಲಿಷ್ ಬಲ್ಲವನು. ಕಪಾಟಿನಿಂದ ನಿಯಮಾವಳಿಯ ಪುಸ್ತಿಕೆ ತೆಗೆದುಕೊಟ್ಟ. ರಾತ್ರಿ ಮಗಳ ಮನೆಯಲ್ಲಿ ಓದಿದೆ. ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಲೆಕ್ಕ ಪರಿಶೋಧಕರು, ವಾರ್ಷಿಕ ಮಹಾಸಭೆ, ಎಲ್ಲ ನಮ್ಮಲ್ಲಿರುವ ಹಾಗೇ. ಕೋರಂ ಆಗದಿದ್ದರೆ ಅರ್ಧ ಗಂಟೆ ಕಾಯಬೇಕು, ಆಮೇಲೆ ಬಂದಷ್ಟು ಜನವೇ ಕೋರಂ, ಆದರೆ ಅವರು ನಿಯಮ ತಿದ್ದುವ ಹಾಗಿಲ್ಲ. ಮುಂದೆ ಓದಿ ನನಗೆ ನಗು ತಡೆಯಲಾಗಲಿಲ್ಲ. ಸಂಘದ ಆವರಣದಲ್ಲಿ ಜೂಜು ನಿಷಿದ್ಧ. ಕೆಟ್ಟ ನಡತೆಯವರನ್ನು ಒಳಗೆ ಕರೆತರಬಾರದು. ನ್ಯಾಯಾಲಯ ಸದಸ್ಯರಿಗೆ ದಂಡ ಹಾಕಿದರೆ ಅದನ್ನು ಸಂಘದ ಹಣದಿಂದ ಕಟ್ಟಬಾರದು. ಆ ಬಡಪಾಯಿ ಮುದುಕರು, ಕೊಳಲು ಊದುವವರು! ಅದು ಆ ಸಂಘದವರು ಬರೆದದ್ದಲ್ಲ, ಸಿಂಗಾಪುರದಲ್ಲಿ ಸಂಘಗಳಿಗೆಲ್ಲ ಕೊಡುವ ಮಾದರಿ ನಿಯಮಾವಳಿಯಲ್ಲೇ ಇರುವ ಸಾಲು. ಗೂಢ ಸಂಘಗಳ ಭಯ ಇನ್ನೂ ಕಾಗದದಲ್ಲಿ ಉಳಿದುಕೊಂಡಿದೆ. "ಅಪ್ಪಾ, ನೀವು ಕೆಟ್ಟ ನಡತೆಯವರ ಪಟ್ಟಿಗೆ ಬರ್ತೀರೋ ಇಲ್ವೋ ವಿಚಾರಿಸಿ" ಅಂದಳು ಮಗಳು.

ಮುಂದಿನ ವಾರ ಹೋದೆ, ಚೀಲದಲ್ಲಿ ನನ್ನ ಕೊಳಲು. ನಾಲ್ಕು ದಶಕ ನುಡಿಸಿದವನು, ಇವರ ಜೊತೆ ಸೇರಿಕೊಂಡರೆ ಇವರಿಗೂ ಒಂದು ಹೊಸ ಅನುಭವ ಅನ್ನುವ ಜಂಬ. ಹಿರಿಯರು ಕೊಳಲು ನೋಡಿದರು, ಬೆರಳಲ್ಲಿ ಸವರಿದರು, ಚೆನ್ನಾಗಿದೆ ಎಂಬಂತೆ ತಲೆಯಾಡಿಸಿ ನನ್ನ ಚೀಲದ ಮೇಲೇ ಇಟ್ಟರು. ಆಮೇಲೆ ಅವರದನ್ನು ತೋರಿಸಿದರು. ಬಿದಿರಿನ ಬೇರಿನ ಕಡೆಯಿಂದ ಮಾಡಿದ್ದು, ಹತ್ತು ಕಣ್ಣು ಒಂಬತ್ತು ಗೆಣ್ಣು ಇರಲೇಬೇಕು. ಉದ್ದ ಹಳೆಯ ಚೀನೀ ಅಳತೆಯಲ್ಲಿ ಒಂದು ಅಡಿ ಎಂಟು ಅಂಗುಲ. ಜಪಾನಿನ ಶಾಕುಹಾಚಿ ಎಂಬ ಕೊಳಲಿನ ಹೆಸರಿನ ಅರ್ಥವೂ ಅದೇ. ಅದಲ್ಲದ ಕೊಳಲಿಗೆ ಆ ಅರ್ಧಚಂದ್ರದಲ್ಲಿ ಜಾಗವಿಲ್ಲ. ಬೇಸರವಾಯಿತು, ಸುಳ್ಳು ಹೇಳುವುದಿಲ್ಲ.

ಮೂರನೇ ವಾರ ಒಂದು ಲಕೋಟೆಯಲ್ಲಿ ದುಡ್ಡು ಹಾಕಿ ಹಿರಿಯರ ಮುಂದೆ ಹಿಡಿದೆ, ಕಲಿಸಿ ಎಂದು. ಅವರ ಮುಖ ಗಂಭೀರವಾಯಿತು. ಕಾರ್ಯದರ್ಶಿ ನನ್ನನ್ನು ಪಕ್ಕಕ್ಕೆ ಕರೆದು, "ಅಂಕಲ್, ಬಾಡಿಗೆಗೆ, ವಿದ್ಯುತ್ತಿಗೆ ಅಂತ ಕೊಡುವುದಾದರೆ ಖಜಾಂಚಿಗೆ ಕೊಡಿ, ರಸೀದಿ ಕೊಡ್ತಾರೆ. ಅವರಿಗೆ ಕೊಡಬೇಡಿ. ನಾವಿಲ್ಲಿ ತಂತಿ ಗೆಳೆಯರು" ಎಂದ. ತಂತಿ ಗೆಳೆಯರು, ಶಿಯನ್‌ಯೂ. ಈ ಸಂಘದ ಜನ ಒಬ್ಬರನ್ನೊಬ್ಬರು ಕರೆಯುವ ಹೆಸರೇ ಅದು. ಹಳೆಯ ಕಾಲದಲ್ಲಿ ಸಂಘಗಳು ಒಬ್ಬ ಗುರುವನ್ನು ಗೊತ್ತುಮಾಡಿ ಸಂಬಳ ಕೊಡುತ್ತಿದ್ದುದುಂಟು. ಆದರೆ ತಂತಿ ಗೆಳೆಯ ನುಡಿಸಿದ್ದಕ್ಕೆ ದುಡ್ಡು ಮುಟ್ಟಿದರೆ ಅವನ ಮಾನ ಹೋಯಿತು. ಅವನು ವ್ಯಾಪಾರಿಯಾಗಿರಲಿ, ದೋಣಿಯವನಾಗಿರಲಿ, ಹಗಲು ದುಡಿದು ಸಂಜೆ ಬಂದು ಕೂರುತ್ತಾನೆ.

ಲಕೋಟೆ ಜೇಬಿಗೆ ಹೋಯಿತು. ಆಗ ಹಿರಿಯರು ನನ್ನ ಕೈಗೆ ಚಿಟಿಕೆ ಕೊಟ್ಟರು. ಎರಡೂ ಕೈಯಲ್ಲಿ ಕೊಟ್ಟರು, ನಾನೂ ಎರಡೂ ಕೈಯಲ್ಲಿ ತೆಗೆದುಕೊಂಡೆ. ಹಾಡಿಲ್ಲದ, ಬರೀ ವಾದ್ಯದ ಕೃತಿ. ಎಂಟು ಎಣಿಕೆಯ ಆವರ್ತ ಎಂದು ಬೆರಳಲ್ಲಿ ತೋರಿಸಿದರು. ಎಂಟಾ! ಆದಿ ತಾಳ ನಮ್ಮ ಮನೆಯ ಅಂಗಳ. ಶುರುವಾಯಿತು. ಒಂದಕ್ಕೆ ಹೊಡೆದೆ, ಸರಿಯಾಯಿತು. ಐದಕ್ಕೆ ಹೊಡೆದೆ. ಏಳಕ್ಕೆ ಹೊಡೆದೆ. ಪಿಪಾ ನುಡಿಸುತ್ತಿದ್ದವರು ಕಣ್ಣೆತ್ತಲಿಲ್ಲ, ಕೊಳಲು ನಿಲ್ಲಲಿಲ್ಲ. ಮುಂದಿನ ಆವರ್ತದಲ್ಲಿ ಐದು ಬರುವ ಹೊತ್ತಿಗೆ ಹಿರಿಯರ ಅಂಗೈ ನನ್ನ ಕೈ ಮೇಲೆ ಬಂದು ಕೂತಿತು. ಬೆಚ್ಚಗೆ, ಒತ್ತಡವಿಲ್ಲದೆ. ಏಳು ಬಂದು ಹೋಯಿತು, ಕೈ ತೆಗೆಯಲಿಲ್ಲ. ಒಂದಕ್ಕೆ ತೆಗೆದರು. ಅಲ್ಲಿ ಪೆಟ್ಟು ಒಂದೇ, ಉಳಿದ ಏಳು ಎಣಿಕೆ ಮೌನ. ಆ ಮೌನದಲ್ಲಿ ಎಣಿಸುತ್ತಾ ಕೂರುವುದಿದೆಯಲ್ಲ, ನಲವತ್ತು ವರ್ಷದ ನನ್ನ ತಾಳಜ್ಞಾನಕ್ಕೆ ಬೆವರು ಬಂತು. ಹದಿಮೂರೋ ಹದಿನಾಲ್ಕೋ ಆವರ್ತ ಆದ ಮೇಲೆ ಸರಿಹೋಯಿತು. ಮುಗಿದಾಗ ಪಕ್ಕದ ಅಜ್ಜಿ ಎರಡೂ ಕೈ ಚಾಚಿದರು. ಕೊಟ್ಟೆ. ಅವರು ಹಾಡಲು ಶುರುಮಾಡಿದರು.

ಆಮೇಲೆ ಕಾರ್ಯದರ್ಶಿ ನನ್ನ ಹೆಸರು ಬರೆದುಕೊಂಡ. ಆಮೇಲೆ, ಗಮನಿಸಿ. ಮೊದಲು ಚಿಟಿಕೆ, ಆಮೇಲೆ ಅರ್ಜಿ.

ಈ ಕಥೆ ಹೇಳುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಸಮಯ ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ.

ಕೂಟ ನಡೆಯುವುದಕ್ಕೂ ಕ್ರಮವಿದೆ. ಮೊದಲು 'ಜಿ', ವಾದ್ಯದ ದೊಡ್ಡ ಕೃತಿಗಳು. ನಡುವೆ 'ಚ್ಯು', ಅಂದರೆ ಹಾಡುಗಳು, ಚುವಾನ್‌ಜೋದ ಆಡುಮಾತಿನಲ್ಲೇ. ಕೊನೆಗೆ 'ಪು', ಮತ್ತೆ ವಾದ್ಯ. ಸಂಪ್ರದಾಯದ ಲೆಕ್ಕದಲ್ಲಿ ಜಿ 48, ಪು 16, ಹಾಡುಗಳು ಸಾವಿರಗಟ್ಟಲೆ. ದೊಡ್ಡ ಕೂಟದಲ್ಲಿ ಒಬ್ಬರ ಹಾಡು ಮುಗಿದರೆ ಚಿಟಿಕೆ ಇನ್ನೊಬ್ಬರ ಕೈಗೆ. ನಡುವೆ ಸ್ವಾಗತ ಭಾಷಣವಿಲ್ಲ, ಹಾರ ತುರಾಯಿ ಇಲ್ಲ. 1982ರಲ್ಲಿ ತೈವಾನಿನ ತೈನಾನ್ ಊರಿನ ನಾನ್‌ಶೆಂಗ್ ಸಂಘ ಯುರೋಪಿಗೆ ಹೋಗಿತ್ತು. ಪ್ಯಾರಿಸ್ಸಿನಲ್ಲಿ ಫ್ರಾನ್ಸಿನ ಬಾನುಲಿಯವರು ರಾತ್ರಿಯಿಡೀ ಅವರ ಕಛೇರಿ ಇಟ್ಟುಕೊಂಡರು. ಬೆಳಗಿನವರೆಗೆ! ನಮ್ಮ ನಿಲಯದವರು ಇದನ್ನು ಕೇಳಿಸಿಕೊಳ್ಳಲಿ ಎಂದೇ ಹೇಳುತ್ತಿದ್ದೇನೆ.

ದೇವರೂ ಉಂಟು ಈ ಸಂಘಗಳಿಗೆ. ಮೆಂಗ್ ಛಾಂಗ್ ಎಂಬ ಅರಸು, 965ರಲ್ಲಿ ಸಾಂಗ್ ವಂಶದವರಿಗೆ ಸೋತು ರಾಜ್ಯ ಕಳೆದುಕೊಂಡವನು. ಗೆದ್ದವರನ್ನು ಬಿಟ್ಟು ಸೋತ ಸಂಗೀತಪ್ರಿಯನನ್ನು ಪೂಜಿಸುತ್ತಾರೆ, ನನಗೆ ಅದು ಬಹಳ ಹಿಡಿಸಿತು. ವಸಂತದಲ್ಲಿ ಒಂದು ಸಲ, ಶರತ್ಕಾಲದಲ್ಲಿ ಒಂದು ಸಲ ಪೂಜೆ. ಜೊತೆಗೆ ತೀರಿಕೊಂಡ ತಂತಿ ಗೆಳೆಯರಿಗೂ ನಮಸ್ಕಾರ. ಅಂದರೆ ಸದಸ್ಯತ್ವ ಸತ್ತರೂ ರದ್ದಾಗುವುದಿಲ್ಲ! ಚಂದಾ ಬಾಕಿ ಎಂದು ಹೆಸರು ಹೊಡೆದು ಹಾಕುವ ನಮ್ಮ ಸಭೆಗಳು ಎಲ್ಲಿ, ಇದೆಲ್ಲಿ.

ಹಬ್ಬದ ಕೂಟದಲ್ಲಿ ಹಳದಿ ಕೊಡೆ, ಅರಮನೆಯ ದೀಪ ಇಡುತ್ತಾರೆ. ಪಿಪಾ ನುಡಿಸುವವರ ಕಾಲ ಕೆಳಗೆ ಚಿನ್ನದ ಬಣ್ಣದ ಮರದ ಸಿಂಹ. ಕಾಂಗ್‌ಶಿ ಚಕ್ರವರ್ತಿಯ ಮುಂದೆ ಐವರು ನುಡಿಸಿದಾಗ ಸಿಕ್ಕ ಮರ್ಯಾದೆ ಇದು ಎಂದು ಅವರ ಐತಿಹ್ಯ. ಆ ಐವರಿಗೆ ಸಿಕ್ಕ ಬಿರುದು 'ಚಕ್ರವರ್ತಿಯ ಸಮ್ಮುಖದ ಅತಿಥಿಗಳು'. ನೋಡಿ, ಆಸ್ಥಾನ ವಿದ್ವಾಂಸರಲ್ಲ, ನೌಕರರಲ್ಲ, ಅತಿಥಿಗಳು. ಮತ್ತೆ ಅದೇ ಮಾತು, ದುಡ್ಡು ಮುಟ್ಟದವರು.

ಹೆಂಗಸರ ವಿಷಯಕ್ಕೆ ಬೇರೆ ಭಾಷಣವೇ ಬೇಕು. ಹಿಂದೆ ಇವು ಗಂಡಸರ ಸಂಘಗಳು. ಇವತ್ತು ಹೆಂಗಸರಿಲ್ಲದಿದ್ದರೆ ಎಷ್ಟೋ ಸಂಘಗಳಿಗೆ ಬೀಗ ಬೀಳುತ್ತಿತ್ತು. ಚುವಾನ್‌ಜೋದ ಶಾಲೆಗಳಲ್ಲಿ ಈಗ ಮಕ್ಕಳಿಗೆ ಇದನ್ನು ಕಲಿಸುತ್ತಾರೆ. ಸಿಂಗಾಪುರದ ಸಿಯೋಂಗ್ ಲೆಂಗ್ ಸಂಘ 1941ರದ್ದು. 1977ರಲ್ಲಿ ಅಧ್ಯಕ್ಷರಾದ ತೆಂಗ್ ಮಾ ಸೆಂಗ್ ಹೊಸ ಹಾಡುಗಳನ್ನೇ ಕಟ್ಟಿದರು, ಎಳೆಯರನ್ನು ಕರೆತಂದರು. 1983ರಲ್ಲಿ ವೇಲ್ಸ್‌ನ ಲಾಂಗೋಲೆನ್ ಉತ್ಸವದಲ್ಲಿ ಆ ಸಂಘಕ್ಕೆ ಬಹುಮಾನ ಬಂತು.

ನಮ್ಮ ಕಡೆ ಒಂದು ಸಭೆ ನನಗೆ ಗೊತ್ತು, ಹೆಸರು ಬೇಡ. ಆಜೀವ ಸದಸ್ಯರು ಮುನ್ನೂರು. ಚುನಾವಣೆಯ ದಿನ ಅಷ್ಟೂ ಜನ ಹಾಜರು, ಕೈಯಲ್ಲಿ ಬೈಲಾ, ಹದಿನಾಲ್ಕನೇ ಕಲಮು, ಇಪ್ಪತ್ತೊಂದನೇ ಕಲಮು. ಮರುವಾರ ಭಜನೆಗೆ ಒಂಬತ್ತು ಜನ. ತಾಳ ಹಾಕುವವರಿಲ್ಲ ಎಂದು ಕಾರ್ಯದರ್ಶಿ ನನಗೇ ಫೋನ್ ಮಾಡುತ್ತಾರೆ. "ಬೈಲಾದಲ್ಲಿ ಏನಾದರೂ ತಿದ್ದುಪಡಿ ತರಬಹುದಾ ಸರ್?" ಅಂತ ಕೇಳಿದರು ಹೋದ ತಿಂಗಳು. ಬೈಲಾ ಬೀರುವಿನಲ್ಲಿಡಿ, ಬೀರುವಿನಲ್ಲಿರುವ ತಾಳ ಹೊರಗೆ ತೆಗೆಯಿರಿ, ಬಂದವರ ಕೈಗೆಲ್ಲ ಒಂದೊಂದು ಕೊಡಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೀರುವಿನ ಬೀಗದ ಕೈ ಹಿಂದಿನ ಖಜಾಂಚಿ ಹತ್ರ ಇದೆ ಸರ್" ಎಂದರು.

ನನ್ನ ಸಮಯ ಮುಗಿಯುತ್ತಾ ಬಂತು. ಈಗ ನಾಲ್ಕು ನಿಮಿಷದ ನಾನ್‌ಯಿನ್ ಧ್ವನಿಮುದ್ರಿಕೆ ಹಾಕುತ್ತಾರೆ. ರೇಡಿಯೋ ಪಕ್ಕದಲ್ಲೇ ಕೂತಿದ್ದರೆ ತೊಡೆ ಮೇಲೆ ಎಂಟು ಎಣಿಸಿ ನೋಡಿ. ಐದಕ್ಕೆ ಕೈ ಏಳುತ್ತದೆ, ಏಳಲು ಬಿಡಬೇಡಿ. ನಮಸ್ಕಾರ.