ಬಾಯಿಪಾಠ ಬೇಡ, ಒಂದು ಓಪನಿಂಗ್ ಸಾಕು

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಚೆಸ್ ಕಲಿಯುವವರು ನನ್ನನ್ನು ಜಾಸ್ತಿ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಓಪನಿಂಗ್, ಅಂದರೆ ಆಟ ಶುರು ಮಾಡುವ ನಡೆಗಳ ಸಾಲು, ಕಲಿಯಬೇಕು? ಬಿಳಿ ಕಾಯಿಗೆ ಒಂದು ಸಾಕು. ಇಟಾಲಿಯನ್ ಅನ್ನುವ ಓಪನಿಂಗ್ ತಗೊಳ್ಳಿ. ಆದರೆ ಅದರ ಪ್ರತಿ ನಡೆ ಯಾಕೆ ಅಂತ ಗೊತ್ತಿರಬೇಕು.

ತಾತನ ಹತ್ತಿರ ಆಟ ಕಲಿತವರು ಇಲ್ಲಿರಬಹುದು. ನಮ್ಮ ಹಳೆಯ ಚದುರಂಗದಲ್ಲಿ ಕಾಲಾಳು ಶುರುವಿನಲ್ಲೂ ಒಂದೇ ಮನೆ ಮುಂದೆ ಹೋಗುತ್ತಿತ್ತು, ಮಂತ್ರಿ (ಈಗಿನ ರಾಣಿ) ಓರೆಯಾಗಿ ಒಂದೊಂದೇ ಮನೆ ನಡೆಯುತ್ತಿದ್ದ. ಯುರೋಪಿನಲ್ಲಿ 15ನೇ ಶತಮಾನದ ಕೊನೆಯ ಹೊತ್ತಿಗೆ ಮಂತ್ರಿಗೂ ಒಂಟೆಗೂ ಈಗಿನ ಓಟ ಸಿಕ್ಕಿತು. ಮೊದಲ ಹತ್ತು ನಡೆಯಲ್ಲೇ ಆಟ ಕೈಬಿಟ್ಟು ಹೋಗಬಹುದು ಅನ್ನುವ ಭಯ ಹುಟ್ಟಿದ್ದು ಆಮೇಲೆ.

ಈಗ ಬೋರ್ಡು ನೋಡಿ. ಬಿಳಿಯ ಎಡಗಡೆಯಿಂದ ಎ, ಬಿ, ಸಿ ಅಂತ ಉದ್ದ ಸಾಲು, ಬಿಳಿಯ ಕಡೆಯಿಂದ 1, 2, 3 ಅಂತ ಅಡ್ಡ ಸಾಲು; ಕಾಯಿಯ ಹೆಸರು ಹೇಳದಿದ್ದರೆ ಅದು ಕಾಲಾಳಿನ ನಡೆ. ಬಿಳಿ ಇ4, ಕಪ್ಪು ಇ5. ಬಿಳಿ ಕುದುರೆ ಎಫ್3ಕ್ಕೆ ಬಂದು ಇ5 ಕಾಲಾಳನ್ನು ಹೆದರಿಸುತ್ತದೆ, ಕಪ್ಪು ಕುದುರೆ ಸಿ6ಕ್ಕೆ ಬಂದು ಅದನ್ನು ಕಾಯುತ್ತದೆ. ಆಮೇಲೆ ಬಿಳಿ ಒಂಟೆ ಸಿ4ಕ್ಕೆ. ಅದರ ಕಣ್ಣು ಎಫ್7 ಮೇಲೆ, ಯಾಕೆಂದರೆ ಶುರುವಿನಲ್ಲಿ ಆ ಮನೆಗೆ ರಾಜನೊಬ್ಬನೇ ಕಾವಲು. ಇಷ್ಟು ಅರ್ಥವಾದರೆ ಮುಂದಿನದೆಲ್ಲ ತಾನಾಗಿ ಬರುತ್ತದೆ.

ಕಪ್ಪು ಒಂಟೆ ಸಿ5ಕ್ಕೆ ಬಂದರೆ ಆಟ ನಿಧಾನ. ಬಿಳಿಗೆ ಸಿ3, ಡಿ3, ಕ್ಯಾಸ್ಲಿಂಗ್ (ರಾಜ ಮತ್ತು ಆನೆ ಒಂದೇ ನಡೆಯಲ್ಲಿ ಜಾಗ ಬದಲಿಸಿ ರಾಜನನ್ನು ಭದ್ರ ಮಾಡುವುದು), ಅಷ್ಟೇ. ಮಜಾ ಇರುವುದು ಕಪ್ಪು ಇನ್ನೊಂದು ಕುದುರೆಯನ್ನು ಎಫ್6ಕ್ಕೆ ತಂದಾಗ. ಬಿಳಿ ಕುದುರೆ ಜಿ5ಕ್ಕೆ ಹಾರಿತು ಅಂದರೆ ಎಫ್7 ಮೇಲೆ ಎರಡು ಕಾಯಿ ಗುರಿ ಇಟ್ಟ ಹಾಗೆ. ಕಪ್ಪು ಡಿ5 ಅಂತ ಒಂಟೆಯ ದಾರಿ ಮುಚ್ಚುತ್ತದೆ, ಬಿಳಿ ಕಾಲಾಳು ಅದನ್ನು ಹೊಡೆಯುತ್ತದೆ. ಈಗ ಕಪ್ಪು ಕುದುರೆಯಿಂದ ವಾಪಸ್ ಹೊಡೆಯುವುದು ಎಲ್ಲರಿಗೂ ಮೊದಲು ಹೊಳೆಯುವ ನಡೆ, ಅಲ್ವಾ? ಹೊಡೆದರೆ ಬಿಳಿ ತನ್ನ ಕುದುರೆಯನ್ನು ಎಫ್7ರಲ್ಲಿ ಬಲಿ ಕೊಟ್ಟು, ಅದನ್ನು ಹೊಡೆಯಲು ಹೊರಬಂದ ರಾಜನಿಗೆ ರಾಣಿಯಿಂದ ಎಫ್3ರಲ್ಲಿ ಚೆಕ್ ಕೊಡುತ್ತದೆ, ಡಿ5ರ ಕುದುರೆ ಉಳಿಸಬೇಕಾದರೆ ರಾಜ ಇ6ಕ್ಕೆ, ಬೋರ್ಡಿನ ನಡುಮಧ್ಯಕ್ಕೇ ಹೋಗಬೇಕು. ಇದೇ ಫ್ರೈಡ್ ಲಿವರ್. ಸುಮಾರು 400 ವರ್ಷದಿಂದ ಗೊತ್ತಿರುವ ದಾಳಿ. ಇವತ್ತಿಗೂ ಹೊಸಬರು ಇದರಲ್ಲಿ ಸಿಕ್ಕಿಬೀಳುತ್ತಾರೆ. ಅದಕ್ಕೇ ವಾಪಸ್ ಹೊಡೆಯುವ ಬದಲು ಸಿ6ರ ಕಪ್ಪು ಕುದುರೆ ಎ5ಕ್ಕೆ ಹೋಗಿ ಒಂಟೆಯನ್ನು ಕೆಣಕುವುದು ಒಳ್ಳೆಯದು. ಒಂದು ಕಾಲಾಳು ಹೋಗುತ್ತದೆ, ಬದಲಿಗೆ ಕಾಯಿಗಳು ಬೇಗ ಹೊರಬರುತ್ತವೆ.

ಪೋಷಕರಿಗೆ ಒಂದು ಮಾತು. ನಾಲ್ಕೇ ನಡೆಯಲ್ಲಿ ಮೇಟ್ ಮಾಡುವ ವಿಡಿಯೊಗಳನ್ನು ಮಕ್ಕಳಿಗೆ ಸುಮ್ನೆ ತೋರಿಸಬೇಡಿ. ರಾಣಿಯನ್ನು ಎಚ್5ಕ್ಕೆ ತಂದಾಗ ಎದುರಿನವರು ಕುದುರೆಯಿಂದ ಇ5 ಕಾದು, ಆಮೇಲೆ ಜಿ6 ಆಡಿದರೆ ರಾಣಿ ಮತ್ತೆ ಓಡಬೇಕು. ಅಷ್ಟರಲ್ಲಿ ಅವರ ಇನ್ನೊಂದು ಕುದುರೆಯೂ ಹೊರಬಂದಿರುತ್ತದೆ.

ಮಕ್ಕಳೇ, ಆಟ ಮುಗಿದ ತಕ್ಷಣ ಎಂಜಿನ್ (ಒಳ್ಳೆಯ ನಡೆ ಹುಡುಕಿ ಹೇಳುವ ಚೆಸ್ ಪ್ರೋಗ್ರಾಂ) ಹಾಕಬೇಡಿ. ಗೊತ್ತಿದ್ದ ನಡೆ ಎಲ್ಲಿ ಮುಗಿಯಿತು, ಎದುರಿನವರು ಅಲ್ಲಿ ಏನು ಮಾಡಲು ಹೊರಟಿದ್ದರು ಅಂತ ಮೊದಲು ಯೋಚಿಸಿ, ಬರೆದಿಡಿ. ಈಗ ಇಬ್ಬಿಬ್ಬರಾಗಿ ಕೂತು ಬೋರ್ಡು ಜೋಡಿಸಿ. ಕಪ್ಪು ಕುದುರೆ ಎ5ರಲ್ಲಿದೆ. ಬಿಳಿಯ ನಡೆ ಯಾವುದು?