ಸಪಾಟು ಬಟ್ಟೆ, ಉಬ್ಬುತಗ್ಗಿನ ಮೈ

ಕೇಳುಗರೇ, ನಮಸ್ಕಾರ.

ದಿಂಬಿನ ಕವರು, ಕೈಚೀಲ, ಎಲಾಸ್ಟಿಕ್ ಹಾಕಿದ ಲಂಗ. ಇಷ್ಟು ಹೊಲಿಯಲು ಬಂದಮೇಲೆ ಎಷ್ಟೋ ಜನ ಅಲ್ಲೇ ನಿಂತುಬಿಡುತ್ತಾರೆ. ಮಷಿನ್ ಹೇಳಿದಂತೆ ಕೇಳುತ್ತದೆ, ಹೊಲಿಗೆ ನೇರವಾಗಿಯೇ ಬರುತ್ತದೆ. ಆದರೆ ಮನಸ್ಸಿನಲ್ಲಿರುವ ಅಂಗಿಯನ್ನು ಬಟ್ಟೆಯಲ್ಲಿ ಕತ್ತರಿಸಲು ಹೋದರೆ ಕೈ ತಡೆಯುತ್ತದೆ. ಬಟ್ಟೆ ಸಪಾಟು, ಮೈ ಸಪಾಟಲ್ಲ. ಇವೆರಡನ್ನೂ ಹೊಂದಿಸುವುದು ಬೇರೆಯದೇ ಕೆಲಸ, ಮತ್ತು ಅದನ್ನು ಮನೆಯಲ್ಲೇ ಕೂತು ಕಲಿಯಬಹುದು.

ಮೊದಲು ಡಾರ್ಟ್. ಕೆಲವರು ಇದನ್ನೇ ಟಕ್ಸ್ ಅನ್ನುತ್ತಾರೆ. ಬಟ್ಟೆಯಲ್ಲಿ ಒಂದು ತ್ರಿಕೋನ ಹಿಡಿದು ಹೊಲಿದರೆ, ಅದರ ತುದಿಯಲ್ಲಿ ಬಟ್ಟೆ ಉಬ್ಬಿ ನಿಲ್ಲುತ್ತದೆ. ಎದೆಗೆ ಜಾಗ ಸಿಗುವುದು ಹೀಗೆ. ಸ್ವಾರಸ್ಯ ಏನು ಗೊತ್ತಾ? ಈ ಡಾರ್ಟ್ ಇಂಥ ಕಡೆಯೇ ಇರಬೇಕು ಎಂದೇನಿಲ್ಲ. ಅಂಗಿಯ ಮುಂಭಾಗವನ್ನು ಕಾಗದದ ಮೇಲೆ ಬರೆದುಕೊಳ್ಳಿ. ಸೊಂಟದಿಂದ ಎದೆಯ ತುದಿಗೆ ಒಂದು ಡಾರ್ಟ್ ಇದೆ ಅಂದುಕೊಳ್ಳೋಣ. ಈಗ ಹೆಗಲಿನಿಂದ ಅದೇ ತುದಿಗೆ ಗೆರೆ ಎಳೆದು, ಅದರ ಮೇಲೆ ಕತ್ತರಿ ಆಡಿಸಿ. ಕೆಳಗಿನ ಡಾರ್ಟ್ ಮುಚ್ಚಿ. ಹೆಗಲ ಹತ್ತಿರ ಕಾಗದ ಬಾಯಿ ಬಿಡುತ್ತದೆ. ಡಾರ್ಟ್ ಅಲ್ಲಿಗೆ ಹೋಯಿತು, ಮೈಗೆ ಕೂರುವ ರೀತಿ ಮಾತ್ರ ಹಾಗೇ ಉಳಿಯಿತು! ಆ ಬಾಯಿಗೆ ನೆರಿಗೆ ಹಿಡಿದರೆ ಒಂದು ಡಿಸೈನ್. ಸೊಂಟದ ಡಾರ್ಟನ್ನು ಪೂರ್ತಿ ಮುಚ್ಚದೆ, ಅದನ್ನೂ ಹೆಗಲ ಡಾರ್ಟನ್ನೂ ಕೂಡಿಸಿ ಮೇಲಿಂದ ಕೆಳಗೆ ಒಂದೇ ಹೊಲಿಗೆ ಮಾಡಿದರೆ ಪ್ರಿನ್ಸೆಸ್ ಕಟ್. ಕಾಗದ, ಕತ್ತರಿ, ಗೋಂದು ಇದ್ದರೆ ಒಂದು ಸಂಜೆ ಈ ಆಟ ಆಡಿ. ಹತ್ತು ಅಂಗಿ ಸುಮ್ನೆ ಹೊಲಿದರೂ ಇಷ್ಟು ತಿಳಿಯುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಈ ಆಟಕ್ಕೆ ನಿಮ್ಮ ಅಳತೆಯ ಮೂಲ ನಕ್ಷೆ ಬೇಕು. ಅದಕ್ಕೆ ಬ್ಲಾಕ್ ಎಂದು ಹೆಸರು. ಅದರಲ್ಲಿ ಕಾಲರ್ ಇಲ್ಲ, ಜೇಬಿಲ್ಲ, ಹೊಲಿಗೆಗೆ ಬಿಡುವ ಅಂಚೂ ಇಲ್ಲ. ಅದು ಸರಿ ಇದೆಯೋ ಇಲ್ಲವೋ ತಿಳಿಯಲು ಹಳೆಯ ಬೆಡ್‌ಶೀಟಿನಲ್ಲಿ ಒಂದು ಅಂಗಿ ಹೊಲಿದು ನೋಡಿ. ಬಿಚ್ಚಲು ಸುಲಭವಾಗಲಿ, 4 ಮಿಲಿಮೀಟರಿನ ಉದ್ದ ಹೊಲಿಗೆ ಹಾಕಿ. ತೊಟ್ಟು ಕನ್ನಡಿ ಮುಂದೆ ನಿಲ್ಲಿ. ಬೆನ್ನು ಕಾಣುವುದಿಲ್ಲ, ಅದಕ್ಕೆ ಫೋನಿನಲ್ಲಿ ಫೋಟೊ ತೆಗೆಸಿಕೊಳ್ಳಿ. ಈಗ ಸುಕ್ಕುಗಳನ್ನು ನೋಡಿ. ಅಡ್ಡಡ್ಡ ಗೆರೆ ಬಿಗಿದಿದ್ದರೆ ಅಲ್ಲಿ ಅಗಲ ಸಾಲದು. ಉದ್ದುದ್ದ ಮಡಿಕೆ ಜೋತಿದ್ದರೆ ಅಗಲ ಜಾಸ್ತಿ. ಓರೆ ಸುಕ್ಕುಗಳು ಒಂದು ಕಡೆಗೆ ಬೊಟ್ಟು ಮಾಡುತ್ತವೆ, ಸಾಮಾನ್ಯವಾಗಿ ತೊಂದರೆ ಇರುವುದು ಅಲ್ಲೇ. ಬಿಗಿಯಾದ ಕಡೆ ಕತ್ತರಿಸಿ ತೇಪೆ ಕೊಡಿ, ಸಡಿಲವಿದ್ದಲ್ಲಿ ಗುಂಡುಸೂಜಿ ಚುಚ್ಚಿ. ಹಳೇ ಬಟ್ಟೆ ತಾನೇ, ಹೆದರಿಕೆ ಯಾಕೆ?

ತೋಳಿನ ವಿಷಯದಲ್ಲಿ ಮಾತ್ರ ಲೆಕ್ಕ ಉಲ್ಟಾ. ಕೈ ಎತ್ತಿದರೆ ಅಂಗಿಯೆಲ್ಲ ಮೇಲೆ ಬರುತ್ತಿದೆ ಅಂತ ಕಂಕುಳ ಕೆಳಗೆ ಇನ್ನಷ್ಟು ಆಳ ಕತ್ತರಿಸುವವರೇ ಹೆಚ್ಚು. ಆಳ ಹೋದಷ್ಟೂ ಅಂಗಿ ಇನ್ನೂ ಎಳೆಯುತ್ತದೆ. ಅಂಗಿಯಲ್ಲಿ ತೋಳು ಕೂಡುವ ಸುತ್ತನ್ನು ಕಂಕುಳ ಹತ್ತಿರಕ್ಕೆ ಏರಿಸಿ, ತೋಳನ್ನೂ ಅದಕ್ಕೆ ತಕ್ಕಂತೆ ತಿದ್ದಿ. ಕೈ ಆರಾಮಾಗಿ ಆಡುತ್ತದೆ.

ಇನ್ನು ಬಟ್ಟೆಯನ್ನು ಮೊದಲು ಒಗೆದು ಆಮೇಲೆ ಕತ್ತರಿಸುವುದು, ಒಂದು ಹೊಲಿಗೆಗೆ ಇಸ್ತ್ರಿ ಮಾಡಿ ಅದರ ಮೇಲೆ ಇನ್ನೊಂದನ್ನು ಹಾಯಿಸುವುದು, ಟೀ ಶರ್ಟಿನಂಥ ಬಟ್ಟೆಗೆ ತುದಿ ದುಂಡಗಿರುವ ಬಾಲ್‌ಪಾಯಿಂಟ್ ಸೂಜಿ ಹಾಕುವುದು. ಇವೆಲ್ಲ ರೂಢಿಯಾದರೆ ಸಾಕು.

ಕೊನೆಗೆ ಓರೆ ಕಟ್ಟಿನ ಮಾತು. ಹಾಸು ಹೊಕ್ಕಿನ ಎಳೆಗಳಿಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿದ ಬಟ್ಟೆ ಹಿಗ್ಗುತ್ತದೆ, ಡಾರ್ಟ್ ಅಷ್ಟಾಗಿ ಬೇಡದೆ ಮೈಗೆ ಇಳಿಬೀಳುತ್ತದೆ. ಫ್ರಾನ್ಸಿನ ಉಡುಪು ವಿನ್ಯಾಸಕಿ ಮದ್ಲೆನ್ ವಿಯೊನೆ 1920, 30ರ ದಶಕಗಳಲ್ಲಿ ಹೆಸರಾದದ್ದು ಇದರಿಂದಲೇ. ಆಕೆ ಚಿಕ್ಕ ಮರದ ಗೊಂಬೆಗೆ ಬಟ್ಟೆ ಸುತ್ತಿ, ಮಡಚಿ ಡಿಸೈನ್ ಹುಡುಕುತ್ತಿದ್ದರು. ಬಟ್ಟೆಯ ಖರ್ಚೂ ಕಡಿಮೆ ನೋಡಿ! ನೀವೂ ನಿಮ್ಮ ಬ್ಲಾಕನ್ನು ಅರ್ಧ ಅಳತೆಗೆ ಇಳಿಸಿ ಹೀಗೆ ಮಾಡಬಹುದು. ಓರೆ ಕಟ್ಟಿನ ಲಂಗ ಹೊಲಿದರೆ ಒಂದು ಎಚ್ಚರಿಕೆ. ಕೆಳಗಿನ ಅಂಚನ್ನು ಅವತ್ತೇ ಮಡಚಬೇಡಿ. ಒಂದು ದಿನ ತೂಗು ಹಾಕಿ. ಬಟ್ಟೆ ಕೆಲವು ಕಡೆ ಹೆಚ್ಚು, ಕೆಲವು ಕಡೆ ಕಡಿಮೆ ಇಳಿದಿರುತ್ತದೆ. ಆಮೇಲೆ ತೊಟ್ಟುಕೊಂಡು, ನೆಲದಿಂದ ಸುತ್ತಲೂ ಒಂದೇ ಎತ್ತರಕ್ಕೆ ಅಳೆಸಿ, ಗುರುತು ಹಾಕಿಸಿಕೊಂಡು ಹೆಮ್ಮಿಂಗ್ ಮಾಡಿ.

ನಮಸ್ಕಾರ.